ಕಾಯಕದ ಹಿಂದಿನ ಮನಸ್ಸು

ಮನುಷ್ಯನು ಮಾಡುವ ಕೆಲಸವು ಕಣ್ಣಿಗೆ ಕಾಣುವುದು. ಅದನ್ನು ಮಾಡಿಸುವ ಮನಸ್ಸು ಕಾಣದು. ಇಬ್ಬರು ಗೃಹಸ್ಥರು ಒಂದೇ ದಿನ ಒಂದೇ ಮಠಕ್ಕೆ ಒಂದೊಂದು ಚೀಲ ಜೋಳವನ್ನು ತಂದು ಇಳಿಸಿದರೆಂದು ಭಾವಿಸಬಹುದು. ಉಗ್ರಾಣದವನ ಲೆಕ್ಕದಲ್ಲಿ ಎರಡು ಚೀಲಗಳೂ ಸಮಾನ. ಒಬ್ಬನು ಪ್ರಸಾದನಿಲಯದ ಹುಡುಗರು ಉಣ್ಣಲೆಂದು ತಂದನು. ಇನ್ನೊಬ್ಬನು ಜಾತ್ರೆಯ ದಿನ ತನ್ನ ಹೆಸರನ್ನು ಎಲ್ಲರೆದುರು ಕೂಗಲೆಂದು ತಂದನು. ರೊಟ್ಟಿಯಾದ ಮೇಲೆ ಜೋಳದಲ್ಲಿ ಭೇದವಿಲ್ಲ. ಭೇದವಿರುವುದು ತಂದವರಲ್ಲಿ, ಅದೂ ಆ ದಿನವೇ ತೋರುವುದಿಲ್ಲ, ಮರುವರ್ಷ ತೋರುವುದು. ಹೆಸರು ಕೂಗುವವನು ಮರೆತ ವರ್ಷದಿಂದ ಎರಡನೆಯವನ ಚೀಲ ಬಾರದು.

ಹೀಗೆ ಕ್ರಿಯೆಯ ಹಿಂದೆ ನಿಂತು ಅದನ್ನು ನಡೆಸುವ ಶಕ್ತಿಗೆ ಪ್ರೇರಣೆಯೆಂದು ಹೆಸರು. ಇಂದಿನ ಮನಶ್ಶಾಸ್ತ್ರದಲ್ಲಿ ಇದೊಂದು ದೊಡ್ಡ ಪ್ರಕರಣವೇ ಆಗಿದೆ. ಭರತಖಂಡದ ತಾರ್ಕಿಕರೂ ಪ್ರವೃತ್ತಿವಿಚಾರವೆಂಬ ಹೆಸರಿನಲ್ಲಿ ಇದನ್ನು ಬಹು ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ನೈಯಾಯಿಕರ ಮತದಂತೆ, ಮನುಷ್ಯನು ಒಂದು ಕೆಲಸಕ್ಕೆ ಕೈಯಿಕ್ಕಬೇಕಾದರೆ ಅವನಲ್ಲಿ ಮೂರು ತಿಳಿವುಗಳಿರಬೇಕು. ಇದು ತನ್ನಿಂದ ಆಗುವ ಕೆಲಸವೆಂಬ ತಿಳಿವು ಮೊದಲನೆಯದು, ಇದಕ್ಕೆ ಕೃತಿಸಾಧ್ಯತಾಜ್ಞಾನವೆನ್ನುವರು. ಇದರಿಂದ ತನಗೆ ಬೇಕಾದುದು ದೊರೆಯುವುದೆಂಬ ತಿಳಿವು ಎರಡನೆಯದು, ಇದು ಇಷ್ಟಸಾಧನತಾಜ್ಞಾನ. ದೊರೆಯುವ ಸುಖಕ್ಕಿಂತ ಹೆಚ್ಚಿನ ಕೇಡು ಇದರಿಂದ ಬಾರದೆಂಬ ತಿಳಿವು ಮೂರನೆಯದು. ಚಂದ್ರನನ್ನು ತರಲು ಯಾರೂ ಹೊರಡರು, ಅದು ಕೈಲಾಗದ ಕೆಲಸ. ಬರಿಯ ನೀರನ್ನು ಯಾರೂ ಕಡೆಯರು, ಅದರಿಂದ ಬೆಣ್ಣೆ ಬಾರದು. ಜೇನು ಸುರಿದ ಅನ್ನವಾದರೂ ವಿಷ ಬೆರೆತಿದೆಯೆಂದು ತಿಳಿದರೆ ಹಸಿದವನೂ ಮುಟ್ಟನು. ಈ ಮೂರರಲ್ಲಿ ನಡುವಣದೇ ಪ್ರಧಾನವೆಂದು ಅನೇಕರ ಅಭಿಪ್ರಾಯ. ಪ್ರಯೋಜನವನ್ನು ಕಾಣದೆ ದಡ್ಡನೂ ಕೆಲಸಕ್ಕೆ ತೊಡಗನೆಂಬುದನ್ನು ಮೀಮಾಂಸಕರಾದ ಕುಮಾರಿಲಭಟ್ಟರೂ ಒಪ್ಪಿದ್ದರು.

ಇಲ್ಲಿ ಭಕ್ತನಿಗೆ ಒಂದು ಸಂಶಯ ಬರುವುದು ಸಹಜ. ಇಷ್ಟಪ್ರಾಪ್ತಿಯ ಆಸೆಯಿಲ್ಲದೆ ಪ್ರವೃತ್ತಿಯೇ ಇಲ್ಲವೆಂದರೆ, ಆಸೆಯನ್ನು ಬಿಡಬೇಕೆಂದು ಶರಣರು ಬೋಧಿಸಿದುದಕ್ಕೆ ಅರ್ಥವೇನು? ಆಸೆಯನ್ನು ಬಿಟ್ಟವನು ಕೈಕಟ್ಟಿ ಕುಳಿತುಕೊಳ್ಳಬೇಕಷ್ಟೆ. ಆದರೆ ಕೈಕಟ್ಟಿ ಕುಳಿತ ಶರಣನೊಬ್ಬನೂ ಕಲ್ಯಾಣದಲ್ಲಿ ಕಾಣಸಿಗುವುದಿಲ್ಲ. ಒಬ್ಬನು ಬಟ್ಟೆ ಒಗೆದನು, ಒಬ್ಬನು ಹಗ್ಗ ಹೊಸೆದನು, ಒಬ್ಬನು ದೋಣಿ ನಡೆಸಿದನು. ಆಸೆಯನ್ನು ತೊರೆದವರೇ ಎಲ್ಲರಿಗಿಂತ ಹೆಚ್ಚು ದುಡಿದರು. ಇದು ಹೇಗೆ ಸಾಧ್ಯವಾಯಿತೆಂಬುದಕ್ಕೆ ಉತ್ತರವು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ಬಡ ದಂಪತಿಗಳ ಕಥೆಯಲ್ಲಿದೆ. ಶೂನ್ಯಸಂಪಾದನೆಯಲ್ಲಿ ಬರುವ ಈ ಪ್ರಸಂಗವನ್ನು ಓದುಗರು ಪುರಾಣಪ್ರವಚನಗಳಲ್ಲಿ ಅನೇಕ ಸಲ ಕೇಳಿರುವರು. ಆದರೆ ಹೇಳುವವರು ಹಿಡಿ ಅಕ್ಕಿಯಿಂದ ಲಕ್ಷಾವಧಿ ಜಂಗಮರು ಉಂಡ ಪವಾಡದ ಕಡೆಗೆ ಧಾವಿಸುವ ಅವಸರದಲ್ಲಿ, ಅದಕ್ಕೂ ಮುಂಚೆ ಗುಡಿಸಲಿನಲ್ಲಿ ನಡೆದ ಮಾತನ್ನು ಬೇಗನೆ ದಾಟಿಬಿಡುತ್ತಾರೆ. ಮನಸ್ಸಿನ ವಿಚಾರಕ್ಕೆ ಬೇಕಾದುದು ಆ ಗುಡಿಸಲಿನ ಮಾತೇ.

ಮಾರಯ್ಯನು ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದವನು. ಹೆಂಡತಿಯೊಡನೆ ಕಲ್ಯಾಣಕ್ಕೆ ಬಂದು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನು ಕಾಯಕವನ್ನಾಗಿ ಮಾಡಿಕೊಂಡನು. ತಂದ ಅಕ್ಕಿಯನ್ನು ಲಕ್ಕಮ್ಮನು ಅಟ್ಟು, ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವಾಗಿ ಇಬ್ಬರೂ ಸ್ವೀಕರಿಸುವರು. ಇದಕ್ಕಿಂತ ಕಿರಿದಾದ ಕಾಯಕವನ್ನು ಊಹಿಸುವುದು ಕಷ್ಟ. ಹಾಗಿದ್ದರೂ ಕಾಯಕಕ್ಕೆ ಕೈಲಾಸದ ಪದವಿಯನ್ನು ಕೊಟ್ಟವನು ಈ ಮಾರಯ್ಯನೇ.

ಒಮ್ಮೆ ಅವನು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತನು. ಹೊತ್ತೇರಿತು; ಅಕ್ಕಿ ಆಯಲು ಹೋಗುವ ವೇಳೆ ಮೀರಿತು. ಲಕ್ಕಮ್ಮನು ಅವನನ್ನು ಎಚ್ಚರಿಸಿ, ನಿಂತುಹೋದ ಕಾಯಕವನ್ನು ನೆನಪಿಗೆ ತಂದಳು. ಮಾರಯ್ಯನು ಓಡುನಡೆಯಲ್ಲಿ ಮಹಾಮನೆಗೆ ಹೋಗಿ ಅಕ್ಕಿಯನ್ನು ಆಯ್ದು ತಂದನು. ಆ ದಿನದ ಗಂಟು ಎಂದಿಗಿಂತ ದೊಡ್ಡದಾಗಿದ್ದಿತು. ಗಂಟನ್ನು ಕಂಡ ಕೂಡಲೆ ಲಕ್ಕಮ್ಮನಿಗೆ ಸಂಶಯ ಬಂದಿತು. ಇಷ್ಟೊಂದು ತರಬೇಕೆಂದು ಹೇಳಿದವರಾರು, ಅದು ಅವನ ಮನಸ್ಸೋ ಬಸವಣ್ಣನವರ ಮನಸ್ಸೋ ಎಂದು ಕೇಳಿದಳು. ಆಸೆಯು ಅರಸರ ಮನೆಯಲ್ಲಿರಲಿ, ಶಿವಭಕ್ತರ ಮನೆಗೆ ಅದು ಸಲ್ಲದೆಂದು ತಿಳಿಸಿ, ಹೆಚ್ಚಿನ ಅಕ್ಕಿಯನ್ನು ತಂದ ಜಾಗದಲ್ಲಿಯೇ ಸುರಿದುಬರುವಂತೆ ಕಳುಹಿಸಿದಳು.

ಇಲ್ಲಿ ಮಾರಯ್ಯನು ಮಾಡಿದ ತಪ್ಪಾದರೂ ಏನು? ಅವನು ಕದಿಯಲಿಲ್ಲ. ಚೆಲ್ಲಿದ ಅಕ್ಕಿ ಯಾರದೂ ಅಲ್ಲ. ಅವನು ಆಯದಿದ್ದರೆ ಗುಬ್ಬಿ ತಿನ್ನುತ್ತಿದ್ದಿತು. ಅಂಗಳವೂ ಅದೇ, ಅಕ್ಕಿಯೂ ಅದೇ, ಬಾಗಿ ಆಯುವ ಬೆನ್ನೂ ಅದೇ. ಯಾವ ಧರ್ಮಾಧಿಕಾರಿಯ ಮುಂದೆ ನಿಲ್ಲಿಸಿದರೂ ಅವನ ಮೇಲೆ ದೋಷ ಹೊರಿಸಲು ಬರುವಂತಿರಲಿಲ್ಲ. ಬದಲಾದುದು ಒಂದೇ. ನಿನ್ನೆಯವರೆಗೆ ಇಂದಿನ ದಾಸೋಹಕ್ಕೆಂದು ಆಯುತ್ತಿದ್ದ ಕೈಯು ಇಂದು ನಾಳೆಗಿರಲೆಂದು ಆಯಿತು. ಪ್ರೇರಣೆಯು ಕಣ್ಣಿಗೆ ಕಾಣದಿದ್ದರೂ ಅಳತೆಯಲ್ಲಿ ತನ್ನ ಗುರುತನ್ನು ಬಿಡುವುದು. ಲಕ್ಕಮ್ಮನು ಗಂಡನ ಮನಸ್ಸನ್ನು ಗಂಟಿನ ಗಾತ್ರದಲ್ಲಿ ಓದಿದಳು. ಮನಸ್ಸನ್ನು ನೇರವಾಗಿ ನೋಡಲಾಗದ ಗೃಹಸ್ಥರಿಗೆ ಇದೊಂದು ಒಳ್ಳೆಯ ಉಪಾಯ.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಲಕ್ಕಮ್ಮನು ಅದೇ ದಿನ ಗಂಡನನ್ನು ಎರಡು ಸಲ ತಿದ್ದಿದಳು. ಮೊದಲನೆಯ ಸಲ ಅವನು ಕಾಯಕವನ್ನು ಬಿಟ್ಟಿದ್ದುದು ಸೋಮಾರಿತನದಿಂದಲ್ಲ, ಅನುಭಾವದ ಸವಿಯಿಂದ. ಉತ್ತಮವಾದ ಮಾತನ್ನು ಕೇಳುವ ಸುಖವೂ ಕರ್ತವ್ಯದಿಂದ ತಪ್ಪಿಸಿಕೊಳ್ಳುವ ದಾರಿಯಾಗಬಲ್ಲದು. ಪ್ರವಚನಕ್ಕೆ ತಪ್ಪದೆ ಬಂದು, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಗೆ ನೀರು ಕೊಡುವುದನ್ನು ಮರೆಯುವವರು ಈಗಲೂ ಇದ್ದಾರೆ. ಹಗ್ಗದ ಕಾಯಕದ ನುಲಿಯ ಚಂದಯ್ಯನ ಕಥೆಯಲ್ಲಂತೂ, ಹುಲ್ಲು ಕೊಯ್ಯುವಾಗ ಜಾರಿ ಬಿದ್ದ ಇಷ್ಟಲಿಂಗವೇ ಅವನ ಬೆನ್ನು ಹತ್ತಿ ಬರಬೇಕಾಯಿತು. ಗುರುವಾಗಲಿ ಲಿಂಗವಾಗಲಿ ಕಾಯಕದಿಂದ ಬಿಡುಗಡೆ ಪಡೆಯಲಾರರೆಂಬುದು ಆ ಶರಣನ ನಿಲುವು. ಮಾರಯ್ಯನ ಎರಡನೆಯ ತಪ್ಪು ಮೊದಲನೆಯದರಿಂದಲೇ ಹುಟ್ಟಿರಬಹುದು. ತಡವಾಯಿತೆಂಬ ಕಳವಳದಲ್ಲಿ ಹೋದವನು ಕೊರತೆಯನ್ನು ತುಂಬಿಕೊಡಲೆಂದು ಎರಡು ಪಾಲು ಬಾಚಿಕೊಂಡನು. ಗ್ರಂಥದಲ್ಲಿ ಹೀಗೆಂದು ಬಿಡಿಸಿ ಹೇಳಿಲ್ಲ; ಆದರೆ ತಪ್ಪಿನ ಭಯದಿಂದ ಅತಿಯಾಗಿ ಮಾಡುವುದು ಮನುಷ್ಯಸ್ವಭಾವ.

ಈಗ ಮೂಲ ಸಂಶಯಕ್ಕೆ ಬರಬಹುದು. ಲಕ್ಕಮ್ಮನು ಅಕ್ಕಿಯನ್ನೇ ಬೇಡವೆನ್ನಲಿಲ್ಲ. ಅಂದಿಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಹಿಂದಿರುಗಿಸಿದಳು. ಅಂದರೆ ಪ್ರಯೋಜನವಿಲ್ಲದೆ ಪ್ರವೃತ್ತಿಯಿಲ್ಲವೆಂಬ ಶಾಸ್ತ್ರವಾಕ್ಯಕ್ಕೆ ಶರಣರಿಂದ ಭಂಗವೇನೂ ಬರಲಿಲ್ಲ. ಅವರಿಗೂ ಇಷ್ಟವುಂಟು, ಇಷ್ಟಸಾಧನವುಂಟು. ಆದರೆ ಆ ಇಷ್ಟವು ಯಾರದೆಂಬುದು ಬೇರೆ. ಜಂಗಮದ ಹಸಿವು ತೀರುವುದೇ ತನ್ನ ಇಷ್ಟವೆಂದು ತಿಳಿದವನಿಗೆ ಅಕ್ಕಿ ಆಯುವುದೇ ಇಷ್ಟಸಾಧನ. ಆಸೆಯನ್ನು ಬಿಡುವುದೆಂದರೆ ಇಷ್ಟವನ್ನು ನಾಶಮಾಡುವುದಲ್ಲ, ಅದರ ನೆಲೆಯನ್ನು ಬದಲಿಸುವುದು. ಅಲ್ಲಮಪ್ರಭುಗಳು ಮಾಯೆಯನ್ನು ಹೊರಗಿನ ವಸ್ತುಗಳಲ್ಲಿ ಹುಡುಕದೆ, ಅವುಗಳ ಕಡೆಗೆ ಮುಖ ಮಾಡಿದ ಹಂಬಲದಲ್ಲಿ ತೋರಿಸಿದುದರ ಮರ್ಮವೂ ಇದೇ ಆಗಿದೆ.

ಇದೆಲ್ಲವೂ ಕಥೆಯ ಮಾತು, ಲೋಕದಲ್ಲಿ ಕೂಲಿಯಿಲ್ಲದೆ ಯಾರು ಕೆಲಸ ಮಾಡುವರು ಎಂದು ಕೇಳುವವರುಂಟು. ಅವರ ಸಮಾಧಾನಕ್ಕಾಗಿ ಅಮೆರಿಕದ ಒಂದು ಪ್ರಯೋಗವನ್ನು ಇಲ್ಲಿ ಹೇಳುವುದು ಉಚಿತ. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1973ರಲ್ಲಿ ಇದನ್ನು ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಬಣ್ಣದ ಲೇಖನಿಗಳಿಂದ ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಆಸಕ್ತಿಯಿದ್ದ 51 ಮಕ್ಕಳನ್ನು ಅವರು ಆರಿಸಿಕೊಂಡರು. ಕೆಲವು ಮಕ್ಕಳಿಗೆ, ಚಿತ್ರ ಬರೆದರೆ ಚಿನ್ನದ ಬಣ್ಣದ ನಕ್ಷತ್ರವೂ ಪಟ್ಟಿಯೂ ಇರುವ ಪ್ರಶಸ್ತಿಪತ್ರ ದೊರೆಯುವುದೆಂದು ಮೊದಲೇ ಹೇಳಿದರು. ಇನ್ನು ಕೆಲವರಿಗೆ ಮೊದಲು ಏನನ್ನೂ ಹೇಳದೆ ಬರೆದಾದ ಮೇಲೆ ಅದೇ ಪತ್ರವನ್ನು ಕೊಟ್ಟರು. ಉಳಿದವರಿಗೆ ಯಾವ ಬಹುಮಾನವೂ ಇಲ್ಲ. ಒಂದೆರಡು ವಾರಗಳ ತರುವಾಯ, ಮಕ್ಕಳು ಮನಬಂದಂತೆ ಆಡುವ ವೇಳೆಯಲ್ಲಿ ಲೇಖನಿಗಳನ್ನು ಮತ್ತೆ ಇಟ್ಟು, ಮರೆಯಿಂದ ನೋಡಿದರು. ಬಹುಮಾನದ ಮಾತನ್ನು ಮೊದಲೇ ಪಡೆದು ಬರೆದಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಬಹುಮಾನಕ್ಕೆಂದು ಅವರು ಹಿಂದೆ ಬರೆದಿದ್ದ ಚಿತ್ರಗಳೂ ಗುಣದಲ್ಲಿ ಕೀಳಾಗಿದ್ದುವು. ಅನಿರೀಕ್ಷಿತವಾಗಿ ಬಹುಮಾನ ಪಡೆದವರಲ್ಲಿ ಇಂತಹ ಕುಂದು ಕಾಣಲಿಲ್ಲ.

ಇದಕ್ಕೆ ಎರಡು ವರ್ಷ ಮುಂಚೆ, 1971ರಲ್ಲಿ, ಎಡ್ವರ್ಡ್ ಡೆಸಿ ಎಂಬವರು ಕಾಲೇಜಿನ ವಿದ್ಯಾರ್ಥಿಗಳಿಗೆ ಮರದ ತುಂಡುಗಳನ್ನು ಜೋಡಿಸುವ ಒಂದು ಒಗಟನ್ನು ಕೊಟ್ಟು, ಕೆಲವರಿಗೆ ಬಿಡಿಸಿದ ಒಗಟಿಗೆ ಒಂದು ಡಾಲರಿನಂತೆ ಹಣವನ್ನಿತ್ತು, ಇದೇ ಬಗೆಯ ಫಲವನ್ನು ಕಂಡಿದ್ದರು. ವಿದ್ವಾಂಸರಲ್ಲಿ ಈ ವಿಷಯವಾಗಿ ಬಹುಕಾಲ ವಾದವೂ ನಡೆಯಿತು. 1999ರಲ್ಲಿ ಡೆಸಿಯವರೂ ಅವರ ಸಂಗಡಿಗರೂ 128 ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿ ನೋಡಿದಾಗ, ಮೊದಲೇ ಆಶೆ ಹುಟ್ಟಿಸಿ ಕೊಡುವ ವಸ್ತುರೂಪದ ಬಹುಮಾನವು ಒಳಗಿನ ಆಸಕ್ತಿಯನ್ನು ಕುಗ್ಗಿಸುವುದೆಂದು ಕಂಡುಬಂದಿತು. ಮಾತಿನ ಮೆಚ್ಚುಗೆಯಲ್ಲಿ ಈ ದೋಷ ಕಾಣಲಿಲ್ಲ. ಕಾಲೇಜು ವಿದ್ಯಾರ್ಥಿಗಳಲ್ಲಿ ಅದರಿಂದ ಆಸಕ್ತಿ ಹೆಚ್ಚಿತು, ಚಿಕ್ಕ ಮಕ್ಕಳಲ್ಲಿ ಅಷ್ಟಾಗಿ ಹೆಚ್ಚಲಿಲ್ಲ. ಮೊದಲಿನಿಂದಲೂ ಯಾರಿಗೂ ರುಚಿಸದ ಬೇಸರದ ಕೆಲಸಕ್ಕೆ ಬಹುಮಾನ ಕೊಟ್ಟರೆ ಇಂತಹ ಹಾನಿಯಿಲ್ಲವೆಂಬುದನ್ನೂ ಹೇಳಬೇಕು. ಇಲ್ಲದ ಆಸಕ್ತಿ ಕುಗ್ಗುವುದೆಲ್ಲಿಂದ?

ನೈಯಾಯಿಕರ ಭಾಷೆಯಲ್ಲಿ ಇದನ್ನು ಹೀಗೆ ತಿಳಿಯಬಹುದು. ಚಿತ್ರ ಬರೆಯುತ್ತಿದ್ದ ಮಗುವಿಗೆ ಬರೆಯುವುದೇ ಇಷ್ಟವಾಗಿದ್ದಿತು. ಸಾಧನವೂ ಸಾಧ್ಯವೂ ಒಂದೇ ಆಗಿದ್ದುವು. ಪ್ರಶಸ್ತಿಪತ್ರವು ನಡುವೆ ಬಂದು ತಾನೇ ಇಷ್ಟವಾಗಿ ಕುಳಿತು, ಚಿತ್ರವನ್ನು ಬರಿಯ ಸಾಧನದ ಮಟ್ಟಕ್ಕೆ ಇಳಿಸಿತು. ಪತ್ರವಿಲ್ಲವೆಂದಾಗ ಸಾಧನಕ್ಕೆ ಕೆಲಸವಿಲ್ಲದೆ ಹೋಯಿತು. ಬಹುಮಾನವು ಒಳಗಿನ ಪ್ರೀತಿಗೆ ಜೊತೆಯಾಗಿ ಕೂಡಿಕೊಳ್ಳಲಿಲ್ಲ; ಅದನ್ನು ಎಬ್ಬಿಸಿ ಅದರ ಜಾಗದಲ್ಲಿ ತಾನು ಕುಳಿತಿತು.

ಲಿಂಗಾಯತ ಗೃಹಸ್ಥರಿಗೆ ಈ ಮಾತು ಬಹಳ ಹತ್ತಿರದ್ದು. ಮಕ್ಕಳಿಗೆ ವಚನಗಳನ್ನು ಬಾಯಿಪಾಠ ಮಾಡಿಸುವ ಒಳ್ಳೆಯ ರೂಢಿ ಅನೇಕ ಮನೆಗಳಲ್ಲಿದೆ. ಬಸವಜಯಂತಿ ಹತ್ತಿರ ಬಂದಂತೆ ಕಂಠಪಾಠದ ಸ್ಪರ್ಧೆಗಳೂ ನಡೆಯುವುವು. ಆದರೆ ಈಚೆಗೆ ಕೆಲವು ಮನೆಗಳಲ್ಲಿ ವಚನವೊಂದಕ್ಕೆ ಇಷ್ಟು ರೂಪಾಯಿ ಎಂದು ದರವನ್ನು ಗೊತ್ತುಮಾಡಿರುವುದುಂಟು. ತಂದೆಯ ಉದ್ದೇಶ ಒಳ್ಳೆಯದೇ. ಆರು ವರ್ಷದ ಹುಡುಗನು ಅಜ್ಜಿಯ ಮಗ್ಗುಲಲ್ಲಿ ಮಲಗಿ, ಅರ್ಥವಾಗದಿದ್ದರೂ ನಾದಕ್ಕೆ ಮರುಳಾಗಿ ಎರಡು ವಚನಗಳನ್ನು ತಾನಾಗಿಯೇ ಕಲಿತಿರುತ್ತಾನೆ. ತಂದೆಯು ಸಂತೋಷಪಟ್ಟು, ಇನ್ನು ಮುಂದೆ ಒಂದೊಂದಕ್ಕೂ ಐದು ರೂಪಾಯಿ ಎನ್ನುತ್ತಾನೆ. ಹುಡುಗನು ತಿಂಗಳಲ್ಲಿ ಹತ್ತು ಕಲಿಯುತ್ತಾನೆ, ಎಲ್ಲರಿಗೂ ಆನಂದ. ಆದರೆ ಅವನು ಈಗ ಆರಿಸುವುದು ಚಿಕ್ಕ ಚಿಕ್ಕ ವಚನಗಳನ್ನೇ. ಹಣ ಕೈಗೆ ಬಂದ ಮೇಲೆ ಅದನ್ನು ಮತ್ತೆ ಹೇಳುವ ಅಗತ್ಯ ಅವನಿಗೆ ತೋರುವುದಿಲ್ಲ. ಅಜ್ಜಿಯು ಎಂದಿನಂತೆ ರಾತ್ರಿ ಒಂದನ್ನು ಹೇಳೆಂದರೆ, ಅದಕ್ಕೆಷ್ಟು ಕೊಡುವೆಯೆಂದು ಕೇಳುತ್ತಾನೆ. ಅಜ್ಜಿಯು ನಕ್ಕು ಸುಮ್ಮನಾಗುವಳು. ನಗುವ ಮಾತಲ್ಲ ಅದು. ಚೆಲ್ಲಿದ ಅಕ್ಕಿಗೂ ಮಿತಿಯನ್ನು ಕಂಡ ತಾಯಿಯ ವಚನಗಳಿಗೇ ಆ ಮನೆಯಲ್ಲಿ ಬೆಲೆಚೀಟಿ ಅಂಟಿಸಿದಂತಾಯಿತು.

ಹಾಗೆಂದು ಕೂಲಿಯೇ ತಪ್ಪೆಂದು ಯಾರೂ ತಿಳಿಯಬಾರದು. ಹಸಿದ ಹೊಟ್ಟೆಗೆ ಭಾವಶುದ್ಧಿಯನ್ನು ಬೋಧಿಸುವುದು ಕ್ರೂರವಾದ ಕೆಲಸ. 1943ರಲ್ಲಿ ಅಬ್ರಹಾಂ ಮ್ಯಾಸ್ಲೋ ಎಂಬ ಪಂಡಿತರು ಮಾನವಪ್ರೇರಣೆಯ ಮೇಲೆ ಬರೆದ ಪ್ರಸಿದ್ಧ ಲೇಖನದಲ್ಲಿ ಹಸಿವು ಬಾಯಾರಿಕೆಗಳನ್ನೇ ಎಲ್ಲಕ್ಕಿಂತ ಮೊದಲು ಎಣಿಸಿದರು. ಕಾಯಕತತ್ತ್ವವೂ ಅಲ್ಲಿಂದಲೇ ಹೊರಡುವುದು. ದುಡಿದವನು ತನ್ನ ದುಡಿಮೆಯ ಬೆಲೆಯನ್ನು ಪಡೆಯಬೇಕು, ಅದರಿಂದ ಮನೆ ನಡೆಯಬೇಕು, ದಾಸೋಹವೂ ನಡೆಯಬೇಕು. ಆಳಿಗೆ ಕೂಲಿಯನ್ನು ಕಡಿಮೆ ಕೊಟ್ಟು, ಕಾಯಕವನ್ನು ಪೂಜೆಯೆಂದು ತಿಳಿದು ಮಾಡಪ್ಪಾ ಎಂದು ಹೇಳುವ ಯಜಮಾನನು ಶರಣರ ಮಾತನ್ನು ತನ್ನ ಲಾಭಕ್ಕೆ ಬಳಸುವವನು. ತತ್ತ್ವವು ಮೊದಲು ಅನ್ವಯಿಸುವುದು ಅವನ ಗಂಟಿಗೆ, ಆಳಿನ ಗಂಟಿಗಲ್ಲ.

ಬಹುಮಾನದಂತೆ ದಂಡವೂ ಹೊರಗಿನಿಂದ ಬರುವ ಪ್ರೇರಣೆಯೇ. ಇಸ್ರೇಲ್ ದೇಶದ ಹೈಫಾ ನಗರದ 10 ಶಿಶುಪಾಲನಾ ಕೇಂದ್ರಗಳಲ್ಲಿ ನಡೆಸಿದ ಪರೀಕ್ಷೆಯೊಂದನ್ನು ಗ್ನೀಜಿ ಮತ್ತು ರುಸ್ಟಿಚೀನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದರು. ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವು ತಂದೆತಾಯಿಗಳು ತಡವಾಗಿ ಬರುತ್ತಿದ್ದರು. ಆರು ಕೇಂದ್ರಗಳಲ್ಲಿ ತಡವಾದರೆ ದಂಡವೆಂದು ಗೊತ್ತುಮಾಡಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಸುಮಾರು ಇಮ್ಮಡಿಯಾದರು! ಅದುವರೆಗೆ, ತಮ್ಮಿಂದ ಆ ಶಿಕ್ಷಕಿಯು ಮನೆಗೆ ಹೋಗಲಾರದೆ ಕಾದಿರುವಳಲ್ಲಾ ಎಂಬ ನಾಚಿಕೆ ಅವರನ್ನು ಓಡಿಸಿಕೊಂಡು ಬರುತ್ತಿದ್ದಿತೆಂದು ತೋರುವುದು. ದಂಡ ಬಂದ ಮೇಲೆ ಅದು ತಡಮಾಡುವುದರ ಬೆಲೆಯಾಯಿತು. ಬೆಲೆ ಕೊಟ್ಟವನಿಗೆ ನಾಚಿಕೆಯೇಕೆ? ಮಠಕ್ಕೆ ಕಾಣಿಕೆ ಸಲ್ಲಿಸಿ ರಸೀತಿ ಪಡೆದೊಡನೆ ತನ್ನ ಧರ್ಮ ತೀರಿತೆಂದು ತಿಳಿದು, ಬಾಗಿಲಿಗೆ ಬಂದ ಹಸಿದವನನ್ನು ಮುಂದೆ ಹೋಗೆನ್ನುವ ಮನಸ್ಸೂ ಇದೇ ಜಾತಿಯದು. ಅಲ್ಲಿ ರಸೀತಿಯೇ ದಾಸೋಹದ ಜಾಗದಲ್ಲಿ ಕುಳಿತಿದೆ.

ಷಟ್‌ಸ್ಥಲವನ್ನು ಬಲ್ಲವರಿಗೆ ಇದೆಲ್ಲವೂ ಹೊಸದಾಗಿ ತೋರಲಾರದು. ಭಕ್ತಸ್ಥಲದ ಶ್ರದ್ಧಾಭಕ್ತಿಯಿಂದ ತೊಡಗಿ ನಿಷ್ಠೆ, ಅವಧಾನ, ಅನುಭಾವ, ಆನಂದಗಳನ್ನು ದಾಟಿ ಐಕ್ಯಸ್ಥಲದ ಸಮರಸಭಕ್ತಿಯವರೆಗೆ ಸಾಗುವ ಹಾದಿಯು, ಒಂದು ರೀತಿಯಿಂದ, ಪ್ರೇರಣೆಯು ಹೊರಗಿನಿಂದ ಒಳಕ್ಕೆ ಸರಿಯುತ್ತಾ ಹೋಗುವ ಹಾದಿಯೇ ಆಗಿದೆ. ಶ್ರದ್ಧೆಯ ಮೆಟ್ಟಲಿನಲ್ಲಿ ಗುರುವಿನ ಮಾತೂ ಹಿರಿಯರ ರೂಢಿಯೂ ಕೈಹಿಡಿದು ನಡೆಸುವುವು; ಇದರಲ್ಲಿ ಅವಮಾನವೇನೂ ಇಲ್ಲ. ಲಿಂಗಪೂಜೆಗೆ ಕುಳಿತ ಮಗುವು ತಾಯಿ ಕೂರಿಸಿದಳೆಂದು ಕುಳಿತಿರುತ್ತದೆ. ಪ್ರಸಾದಿಯಲ್ಲಿ ಎಚ್ಚರವು ತನ್ನದೇ ಆಗುವುದು. ಸಮರಸದಲ್ಲಿ ಮಾಡುವವನೂ ಮಾಡಿಸಿಕೊಳ್ಳುವವನೂ ಬೇರೆಯಿಲ್ಲದುದರಿಂದ ಏತಕ್ಕಾಗಿ ಮಾಡಿದೆಯೆಂಬ ಪ್ರಶ್ನೆಗೆ ಎಡೆಯೇ ಇಲ್ಲ. ಗೃಹಸ್ಥರಲ್ಲಿ ಬಹುಮಂದಿ ಮೊದಲ ಎರಡು ಮೆಟ್ಟಲುಗಳ ನಡುವೆ ಇರುವವರು. ಅಲ್ಲಿ ನಿಂತು ಆರನೆಯ ಮೆಟ್ಟಲಿನ ಮಾತನ್ನು ಆಡುವುದಕ್ಕಿಂತ ಮನೆಯ ಮಕ್ಕಳನ್ನು ಮೊದಲ ಮೆಟ್ಟಲಿನಲ್ಲಿ ಜಾರದಂತೆ ನೋಡಿಕೊಳ್ಳುವುದು ಲೇಸು.

ಈಗಾಗಲೇ ವಚನಕ್ಕೆ ದರ ಕಟ್ಟಿರುವ ಮನೆಯವರು ಏನು ಮಾಡಬೇಕು? ಒಂದೇ ದಿನ ಹಣವನ್ನು ನಿಲ್ಲಿಸಿದರೆ ಸಾಕೆಂದು ತೋರಬಹುದು. ಆದರೆ ಹೈಫಾದಲ್ಲಿ ಕೆಲವು ವಾರಗಳ ಬಳಿಕ ದಂಡವನ್ನು ತೆಗೆದುಹಾಕಿದರೂ, ಪರೀಕ್ಷೆ ಮುಗಿಯುವವರೆಗೆ ತಡವಾಗಿ ಬರುವವರ ಸಂಖ್ಯೆ ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ. ಎದ್ದುಹೋದ ನಾಚಿಕೆ ಕರೆದ ಕೂಡಲೆ ಬರುವುದಿಲ್ಲ, ಪ್ರೀತಿಯೂ ಹಾಗೆಯೇ. ಆದುದರಿಂದ ತಂದೆಯು ಲೆಕ್ಕದ ಪುಸ್ತಕವನ್ನು ಮುಚ್ಚಿ, ಕೆಲವು ತಿಂಗಳು ಹುಡುಗನಿಂದ ವಚನವನ್ನು ಹೇಳಿಸುವುದನ್ನೇ ಬಿಟ್ಟು, ರಾತ್ರಿ ಊಟವಾದ ಮೇಲೆ ತಾನೇ ಒಂದನ್ನು ಹೇಳಲಿ. ತಪ್ಪಿದರೆ ತಪ್ಪಲಿ, ಅಜ್ಜಿಯು ತಿದ್ದುವಳು. ಹುಡುಗನು ಕೇಳಿದರೆ ಕೇಳಲಿ, ಎದ್ದುಹೋದರೆ ಹೋಗಲಿ. ಎಂದಾದರೊಂದು ದಿನ ತಂದೆಯು ನಡುವೆ ಮಾತು ಮರೆತು ನಿಂತಾಗ, ಪಕ್ಕದ ಕೋಣೆಯಿಂದ ಮುಂದಿನ ಮಾತನ್ನು ಹುಡುಗನೇ ಎತ್ತಿಕೊಟ್ಟರೆ, ಆಗಲೂ ಜೇಬಿಗೆ ಕೈಹಾಕದಿರಲಿ.